ನೀಲಿ ಚುಕ್ಕಿ, ಕೆಂಪು ಚುಕ್ಕಿ

ಬಾಯಿ ಇದ್ದವನು ಬರಗಾಲದಲ್ಲೂ ಬದುಕುತ್ತಾನೆ ಅನ್ನುವುದು ಹಳೆಯ ಮಾತು. ಡಾಕ್ಟರ್ ರವಿಕಾಂತ ಬಿರಾದಾರರನ್ನು ಬದುಕಿಸಿದ್ದು ಎರಡು ಬಾಯಿ. ಒಂದು ಪೇಶಂಟಿನ ಕೆಟ್ಟ ಬಾಯಿ, ಇನ್ನೊಂದು ನಿಲ್ಲಲು ಗೊತ್ತಿಲ್ಲದ ಅವರದೇ ಬಾಯಿ. ಬೀದರ ಜಿಲ್ಲೆಯಿಂದ ಬಂದು ಮಹಾರಾಷ್ಟ್ರದ ಸಂಭಾಜಿನಗರದ ಚಿಕಲಠಾಣಾದಲ್ಲಿ ಹಲ್ಲಿನ ದವಾಖಾನೆ ಇಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು. ವಾಳೂಜಿನ ಕಾರ್ಖಾನೆಯ ಜನ ಹತ್ತಿರದ ಡಾಕ್ಟರನ್ನೆಲ್ಲ ದಾಟಿ ಊರಿನ ಈ ತುದಿಗೆ ಬರುತ್ತಿದ್ದುದು ಅವರ ಕೈಗುಣಕ್ಕಿಂತ ಹೆಚ್ಚಾಗಿ ಅವರ ಮಾತಿಗೆ. ದವಡೆ ಹಲ್ಲಿಗೆ ಇಕ್ಕಳ ಹಾಕುವಾಗ ಅವರು ಒಂದು ಕಥೆ ಶುರು ಮಾಡುತ್ತಿದ್ದರು. ಕಥೆ ಮುಗಿಯುವಷ್ಟರಲ್ಲಿ ಹಲ್ಲು ತಟ್ಟೆಯಲ್ಲಿ ಬಿದ್ದಿರುತ್ತಿತ್ತು. ಹಲ್ಲು ಹೋಯಿತೆಂಬ ಚಿಂತೆಗಿಂತ ಕಥೆ ಮುಗಿಯಿತೆಂಬ ಬೇಸರವೇ ಎಷ್ಟೋ ಪೇಶಂಟುಗಳಿಗೆ ದೊಡ್ಡದಾಗಿತ್ತು.

ಮಾಸ್ಕಿನ ವಿಷಯದಲ್ಲಿ ಅವರಿಗೆ ತಮ್ಮದೇ ಒಂದು ಶಿಸ್ತು ಇತ್ತು. ರೋಗ ಇರುವುದು ಪೇಶಂಟಿನ ಬಾಯಲ್ಲಿ. ಆ ಬಾಯಿ ತೆರೆದಾಗ ಮಾಸ್ಕ್ ಮೂಗಿನ ಮೇಲೆ. ಆ ಬಾಯಿ ಮುಚ್ಚಿದ ಕೂಡಲೇ ಮಾಸ್ಕ್ ಗಲ್ಲದ ಕೆಳಗೆ. ಯಾಕೆಂದರೆ ಬಾಯಿ ಮುಚ್ಚಿದ ಪೇಶಂಟಿನ ಜೊತೆ ಮಾತಾಡಬೇಕು, ಮಾತಾಡುವಾಗ ತಮ್ಮ ನಗು ಅವನಿಗೆ ಕಾಣಬೇಕು. ಕೊರೊನಾ ಕಾಲದಲ್ಲಿ ಮೈಗೆಲ್ಲ ಪ್ಲಾಸ್ಟಿಕ್ ಸುತ್ತಿಕೊಂಡು ಕೆಲಸ ಮಾಡಿದ ಮನುಷ್ಯ ಅವರು. ಆ ಪೀಡೆ ತಣ್ಣಗಾಯಿತು, ಶಿಸ್ತು ಮೊದಲಿನ ಜಾಗಕ್ಕೇ ಮರಳಿತು. ಇದರಲ್ಲಿ ತಪ್ಪಿದೆ ಎಂದು ಯಾರೂ ಹೇಳಿರಲಿಲ್ಲ. ಹೇಳಬೇಕಾದವರ ನಾಲಿಗೆ ಅವರೇ ಕೊಟ್ಟ ಇಂಜೆಕ್ಷನ್ನಿನಿಂದ ಜಡವಾಗಿರುತ್ತಿತ್ತು.

ಆ ಮಳೆಗಾಲದ ಕೊನೆಗೆ ಪೇಪರಿನಲ್ಲಿ ಮತ್ತೆ ಹೊಸ ಫ್ಲೂ ಸುದ್ದಿ ಬರತೊಡಗಿತು. ಇದು ದೊಡ್ಡ ಪಿಡುಗಾದರೆ ಹಲ್ಲಿನ ಡಾಕ್ಟರುಗಳು ಏನು ಮಾಡಬೇಕು ಎಂದು ಮಾತಾಡಲು ನಾಶಿಕದ ದಂತವೈದ್ಯರ ಸಂಘದವರು ಒಬ್ಬರನ್ನು ಹುಡುಕುತ್ತಿದ್ದರು. ವಿಷಯ ಯಾವುದಾದರೂ ಮಾತಾಡಬಲ್ಲ ಬಿರಾದಾರರ ನೆನಪು ಯಾರಿಗೋ ಬಂತು. ಡಾಕ್ಟರು ತಕ್ಷಣ ಒಪ್ಪಿದರು. ಒಪ್ಪಲು ಕಾರಣ ಫ್ಲೂ ಅಲ್ಲ, ಭಾಗ್ಯಶ್ರೀ.

ಭಾಗ್ಯಶ್ರೀ ಅವರ ಒಬ್ಬಳೇ ಮಗಳು. ಅವಳು ಶಾಲೆಗೆ ಹೋಗುವಾಗಲೇ ತಾಯಿ ತೀರಿಕೊಂಡಿದ್ದಳು. ಅಂದಿನಿಂದ ಡಾಕ್ಟರು, ಅವರ ತಾಯಿ ಕಾಶಿಬಾಯಿ ಕೂಡಿ ಹುಡುಗಿಯನ್ನು ಬೆಳೆಸಿದ್ದರು. ಮದುವೆಯಾಗಿ ನಾಶಿಕಕ್ಕೆ ಹೋಗಿ ಎಷ್ಟೋ ವರ್ಷ ಕಾದ ಮೇಲೆ ಈಗ ಅವಳಿಗೆ ಏಳನೆಯ ತಿಂಗಳು. ಭಾನುವಾರ ಮಧ್ಯಾಹ್ನ ಅವಳ ಮನೆಯಲ್ಲಿ ಕುಬುಸ, ಅಂದರೆ ಸೀಮಂತ, ಎಂದು ನಿಶ್ಚಯವಾಗಿತ್ತು. ಹಸಿರು ಸೀರೆ, ಹಸಿರು ಬಳೆ, ಬುತ್ತಿ, ಎಲ್ಲ ತವರಿನಿಂದ ಹೋಗಬೇಕು. ಹೆಂಗಸರ ಕಾರ್ಯವೇ ಆದರೂ, ತಾಯಿಯಿಲ್ಲದ ಮಗಳಿಗೆ ಮೊದಲ ತುತ್ತು ತಾನೇ ಕೊಡುತ್ತೇನೆ ಎಂದು ಡಾಕ್ಟರು ಹಟ ಹಿಡಿದಿದ್ದರು. ಕಾಶಿಬಾಯಿ ಒಂದು ವಾರ ಮೊದಲೇ ನಾಶಿಕಕ್ಕೆ ಹೋಗಿ ಕೂತಿದ್ದಳು. ಬೆಳಿಗ್ಗೆ ಭಾಷಣ, ಮಧ್ಯಾಹ್ನ ಕುಬುಸ, ಒಂದೇ ಪೆಟ್ರೋಲಿನಲ್ಲಿ ಎರಡು ಕೆಲಸ ಎಂದು ಡಾಕ್ಟರು ಲೆಕ್ಕ ಹಾಕಿದರು.

ಫ್ಲೂ ಬಗ್ಗೆ ಭಾಷಣ ಮಾಡುವವರಿಗೆ ಫ್ಲೂ ಬಗ್ಗೆ ಗೊತ್ತಿರಬೇಕಲ್ಲ ಎಂದು ನೀವು ಕೇಳಬಹುದು. ಗೊತ್ತಿತ್ತು. ಆದರೆ ಓದಿದ್ದು ಒಂದು ಕಪಾಟಿನಲ್ಲಿ, ನಂಬಿದ್ದು ಇನ್ನೊಂದು ಕಪಾಟಿನಲ್ಲಿ ಇತ್ತು. ಹಿಂದೆ ಹಂದಿಜ್ವರ ಬಂದಾಗ ಕಾಶಿಬಾಯಿ, "ಲಿಂಗ ಕಟ್ಟಿದ ಮನಿ ನಮ್ದು, ತತ್ತಿ ಸುದ್ದಾ ಒಳಗ ಬಂದಿಲ್ಲ. ಹಂದಿ ಜಡ್ಡು ನಮಗ ಯಾಕ ಬರ್ತದ?" ಎಂದಿದ್ದಳು. ಡಾಕ್ಟರು ಅದಕ್ಕೆ ನಕ್ಕಿದ್ದರು, ಆಮೇಲೆ ಅದನ್ನೇ ಪೇಶಂಟುಗಳಿಗೆ ತಮಾಷೆಯಾಗಿ ಹೇಳಿದ್ದರು. ತಮಾಷೆ ಹೇಳುತ್ತಾ ಹೇಳುತ್ತಾ ಒಳಗೇ ಇಳಿದು ಕೂತಿತ್ತು. ವರ್ಷಾವರ್ಷ ತೆಗೆದುಕೊಳ್ಳಬೇಕಾದ ಫ್ಲೂ ಲಸಿಕೆಯನ್ನು ಅವರು ಒಂದು ಸಲವೂ ತೆಗೆದುಕೊಂಡಿರಲಿಲ್ಲ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಎರಡು ತಿಂಗಳ ಹಿಂದೆ ಭಾಗ್ಯಾ ಫೋನ್ ಮಾಡಿ, "ಪಪ್ಪಾ, ನಮ್ಮ ಡಾಕ್ಟರ್ ಮೇಡಂ ಫ್ಲೂ ಇಂಜೆಕ್ಷನ್ ತಗೋ ಅಂತಾರ, ನೀವೇನಂತೀರಿ?" ಎಂದು ಕೇಳಿದ್ದಳು.

"ಛೇ ಛೇ, ಬ್ಯಾಡ ಬ್ಯಾಡ. ಅದು ತಗೊಂಡ್ರ ಅದೇ ಜ್ವರ ಬರ್ತದ. ಬಸಿರ ಹೆಣ್ಮಗಳಿಗಿ ಯಾಕ ಬೇಕು ಅದೆಲ್ಲ? ನಮ್ಮ ಊಟ ಶುದ್ಧ, ನಮ್ಮ ನೆತ್ತರು ಶುದ್ಧ. ಅರಿಶಿಣ ಹಾಲು ಕುಡಿ" ಎಂದು ಶುರು ಮಾಡಿದವರು, ತಮ್ಮ ಅಜ್ಜನ ಆರೋಗ್ಯದ ಕಥೆ ಹೇಳಿ ಮುಗಿಸಿಯೇ ಫೋನ್ ಇಟ್ಟಿದ್ದರು. ನಡುನಡುವೆ ಮಗಳು "ಹೂಂ" ಎಂದಳು. ಹೂಂ ಅಂದರೆ ಒಪ್ಪಿಗೆ ಎಂದು ಅವರು ತಿಳಿದರು.

ಶನಿವಾರ ಅವರಿಗೆ ಸಣ್ಣ ಕೆಮ್ಮು ಬಂತು. ಮೈಕೈ ನೋವು, ಗಂಟಲಲ್ಲಿ ಮುಳ್ಳು ಮುರಿದಂತೆ. ವಸಡು ಬಾತಾಗ ಕೊಡುವ ಆಂಟಿಬಯಾಟಿಕ್ ಗುಳಿಗೆ ದವಾಖಾನೆಯ ಕಪಾಟಿನಲ್ಲಿತ್ತು, ಅದನ್ನೇ ನುಂಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು ಇದು. ಆ ಔಷಧಕ್ಕೂ ಈ ರೋಗಕ್ಕೂ ಸಂಬಂಧವಿಲ್ಲ ಎಂದು ಮರುದಿನದ ಭಾಷಣದಲ್ಲಿ ಅವರೇ ಬರೆದುಕೊಂಡಿದ್ದರು. ಭಾನುವಾರ ನಸುಕಿಗೆ ಬುತ್ತಿಯ ಡಬ್ಬಿ, ಸೀರೆ, ಬಳೆಗಳನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಕೆಮ್ಮುತ್ತಲೇ ನಾಶಿಕದ ದಾರಿ ಹಿಡಿದರು.

ಸಭೆ ಇದ್ದದ್ದು ಜಯರಾಮ ಶೆಟ್ಟರ ಹೋಟೆಲಿನ ಮಹಡಿಯ ಹಾಲಿನಲ್ಲಿ. ಕುಂದಾಪುರ ಕಡೆಯ ಶೆಟ್ಟರು ನಾಶಿಕದಲ್ಲಿ ಇಡ್ಲಿ ಬೇಯಿಸಲು ಹಿಡಿದು ಒಂದು ತಲೆಮಾರು ಕಳೆದಿತ್ತು. ಅವರ ಮಗಳು ಪೂಜಿತಾ ಈಗ ಅದೇ ಬೀದಿಯಲ್ಲಿ ಹಲ್ಲಿನ ಡಾಕ್ಟರ್. ಹೊಟ್ಟೆಗೆ ಅಪ್ಪ, ಹಲ್ಲಿಗೆ ಮಗಳು ಎಂದು ಗಿರಾಕಿಗಳು ನಗುತ್ತಿದ್ದರು. ಡಾಕ್ಟರ ಕೆಮ್ಮು ಮೆಟ್ಟಿಲಲ್ಲೇ ಶೆಟ್ಟರ ಕಿವಿಗೆ ಬಿತ್ತು.

"ಎಂತ ಡಾಕ್ಟ್ರೇ, ಗಂಟಲು ಹಾಳಾಗಿದೆಯಲ್ಲ? ಪುನರ್ಪುಳಿ ಶರಬತ್ತು ಕಳಿಸ್ತೇನೆ, ಊರಿಂದ ಬಂದದ್ದು. ಸ್ವಲ್ಪ ಸ್ವಲ್ಪ ಕುಡೀತಾ ಮಾತಾಡಿ" ಎಂದರು ಶೆಟ್ಟರು. ದೊಡ್ಡ ಗಾಜಿನ ಲೋಟದಲ್ಲಿ ಕೋಕಂ ಹಣ್ಣಿನ ಕೆಂಪು ಶರಬತ್ತು ವೇದಿಕೆಯ ಮೇಜಿಗೆ ಬಂತು.

ಭಾಷಣ ಭರ್ಜರಿಯಾಗಿ ನಡೆಯಿತು. ಮರಾಠಿಯಲ್ಲಿ, ನಡುವೆ ಹಿಂದಿ ಬೆರೆಸಿ, ಡಾಕ್ಟರು ಸಭೆಯನ್ನು ನಗಿಸಿದರು. ಬರೀ ಮಾತು ಸಾಲದೆಂದು ಒಂದು ಪ್ರಯೋಗವನ್ನೂ ಇಟ್ಟುಕೊಂಡಿದ್ದರು. ವೇದಿಕೆಯ ಮೇಲೆ ಹಲ್ಲಿನ ಕುರ್ಚಿ, ಕುರ್ಚಿಯಲ್ಲಿ ಕಾಲೇಜಿನವರು ಕಲಿಸಲು ಬಳಸುವ ಬೊಂಬೆ, ಬೊಂಬೆಯ ಎದೆಗೆ ಬಿಳಿ ಬಟ್ಟೆ. ಹಲ್ಲು ಕೊರೆಯುವ ಮಶೀನಿನ ನೀರಿಗೆ ಬಟ್ಟೆಗೆ ಹಾಕುವ ನೀಲಿ ಬೆರೆಸಿದ್ದರು. ಮಾಸ್ಕ್ ಮೇಲೇರಿಸಿ, ಬೊಂಬೆಯ ಬಾಯಿಗೆ ಮಶೀನ್ ಹಿಡಿದರು. ಗುಂಯ್ ಎಂದು ಸದ್ದಾಗಿ ನೀಲಿ ನೀರು ಸಿಡಿಯಿತು. ನಿಲ್ಲಿಸಿ ತಿರುಗಿದಾಗ ಡಾಕ್ಟರ ಬಿಳಿ ಕೋಟು, ಕನ್ನಡಕ, ಮಾಸ್ಕ್, ಎಲ್ಲದರ ಮೇಲೂ ನೀಲಿ ಚುಕ್ಕಿ. ಬೊಂಬೆಯ ಎದೆಯ ಬಟ್ಟೆಯ ಮೇಲೂ ನೀಲಿ ಚುಕ್ಕಿ.

"ನೋಡಿ, ಪೇಶಂಟಿನ ಬಾಯಿ ನಮಗೆ ಏನೇನು ಕೊಡುತ್ತದೆ" ಎಂದರು ಡಾಕ್ಟರು. ಚಪ್ಪಾಳೆ ಬಿತ್ತು.

ಆಮೇಲೆ ಪ್ರಶ್ನೋತ್ತರ. ಬೊಂಬೆಯ ಬಾಯಿ ಈಗ ಸುಮ್ಮನಿತ್ತು, ಹಾಗಾಗಿ ಮಾಸ್ಕ್ ಗಲ್ಲಕ್ಕೆ ಇಳಿಯಿತು. ಅಭ್ಯಾಸ ಬಿಡುತ್ತದೆಯೇ, ಡಾಕ್ಟರು ಕುರ್ಚಿಯ ಪಕ್ಕದ ಸ್ಟೂಲಿನಲ್ಲೇ ಕೂತು, ಬೊಂಬೆಯ ಕಡೆ ಬಾಗಿ, ಅದರ ತಲೆಯ ಮೇಲೆ ಕೈಯಿಟ್ಟುಕೊಂಡು ಉತ್ತರ ಹೇಳಿದರು. ಒಂದು ಗುಟುಕು ಶರಬತ್ತು, ಒಂದು ಉತ್ತರ, ಒಂದು ಕೆಮ್ಮು. ಯಾರೋ ಲಸಿಕೆಯ ಬಗ್ಗೆ ಕೇಳಿದರು. ಯಾರೋ, ಮಾಂಸ ತಿನ್ನದವರಿಗೂ ಇದು ಬರುತ್ತದೆಯೇ ಎಂದು ಕೇಳಿದರು. ಅದಕ್ಕೆ ಡಾಕ್ಟರು ತಾಯಿಯ ಮಾತನ್ನು ಹೇಳಿ ಸಭೆಯನ್ನು ನಗಿಸಿ, ತಾವೂ ಬಾಯಲ್ಲಿ ಶರಬತ್ತು ಇಟ್ಟುಕೊಂಡೇ ನಕ್ಕು, ಅದು ನೆತ್ತಿಗೇರಿ ಜೋರಾಗಿ ಕೆಮ್ಮಿದರು.

ಪೂಜಿತಾ ಮುಂದಿನ ಸಾಲಿನಲ್ಲಿದ್ದಳು. ಎದ್ದು ವೇದಿಕೆಗೆ ಬಂದಳು. ಸಭೆಯ ಮರಾಠಿಯನ್ನು ಬಿಟ್ಟು, ಬೇರೆಯವರಿಗೆ ತಿಳಿಯದಿರಲಿ ಎಂದು ಮೆಲ್ಲಗೆ ಕನ್ನಡದಲ್ಲಿ ಕೇಳಿದಳು:

"ಸರ್, ನೀಲಿ ಚುಕ್ಕಿ ಬೊಂಬೆ ಬಾಯಿಂದ ಬಂತು, ಸರಿ. ಈ ಕೆಂಪು ಚುಕ್ಕಿ ಯಾವುದು?"

ಡಾಕ್ಟರು ಬಗ್ಗಿ ನೋಡಿದರು. ಬೊಂಬೆಯ ಬಿಳಿ ಕೆನ್ನೆಯ ಮೇಲೆ, ಮೂಗಿನ ಮೇಲೆ, ತೆರೆದ ಬಾಯಿಯ ಒಳಗೆ, ಎದೆಯ ಬಟ್ಟೆಯ ಮೇಲೆ ಕೆಂಪು ಚುಕ್ಕಿ. ಕೆಲವು ದೊಡ್ಡವು, ಬಹಳಷ್ಟು ಸಾಸಿವೆಗಿಂತ ಸಣ್ಣವು. ನೀಲಿಯ ಪಕ್ಕದಲ್ಲಿ ಎದ್ದು ಕಾಣುತ್ತಿದ್ದವು. ಮೊದಲು ಅವರಿಗೆ ತಿಳಿಯಲಿಲ್ಲ. ಆಮೇಲೆ ಕೈಯಲ್ಲಿದ್ದ ಲೋಟ ನೋಡಿದರು.

ಇಷ್ಟು ವರ್ಷ ಅವರು ಎಷ್ಟು ಬಾಯಿ ನೋಡಿರಬಹುದೋ ಲೆಕ್ಕವಿಲ್ಲ. ತಮ್ಮದೂ ಒಂದು ಬಾಯಿ ಎಂದು ಹೊಳೆದದ್ದು ಅಂದೇ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪರರ ಎಲೆಯ ನೊಣ ಹುಡುಕಿದ ಹಾಗಾಗಿತ್ತು ಅವರ ಶಿಸ್ತು. ಮರುಕ್ಷಣ ಅವರಿಗೆ ಬೊಂಬೆಯ ಜಾಗದಲ್ಲಿ ಬೇರೊಂದು ಮುಖ ಕಾಣಿಸಿತು. ಇನ್ನೆರಡು ತಾಸಿಗೆ ಅವರು ಹೀಗೇ ಬಾಗಿ, ಹೀಗೇ ನಗುತ್ತಾ, ಮಗಳ ಬಾಯಿಗೆ ತುತ್ತು ಇಡುವವರಿದ್ದರು. ಆ ಮಗಳಿಗೆ ಲಸಿಕೆ ಬೇಡ ಎಂದವರೂ ಅವರೇ. ಬಸುರಿಯರಿಗೆ ಈ ಜ್ವರ ಬಂದರೆ ಉಳಿದವರಿಗಿಂತ ಅಪಾಯ ಹೆಚ್ಚು ಎಂದು ಅರ್ಧ ತಾಸಿನ ಹಿಂದೆ ಭಾಷಣದಲ್ಲಿ ಓದಿದವರೂ ಅವರೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಲೋಟವನ್ನು ಕೆಳಗಿಟ್ಟರು.

ಪೂಜಿತಾ ಅವರ ಮರ್ಯಾದೆ ಉಳಿಸಲು ಕನ್ನಡದಲ್ಲಿ ಕೇಳಿದ್ದಳು. ಅದು ಅವರಿಗೂ ತಿಳಿಯಿತು. ಆದರೂ ಮಾಸ್ಕನ್ನು ಮೂಗಿನ ತನಕ ಎಳೆದು, ಮೈಕ್ ಹಿಡಿದು, ಎಲ್ಲರಿಗೂ ತಿಳಿಯುವ ಮರಾಠಿಯಲ್ಲೇ ಹೇಳಿದರು: "ಈ ಹುಡುಗಿ ಒಂದು ಪ್ರಶ್ನೆ ಕೇಳಿದ್ದಾಳೆ. ಕೆಂಪು ಚುಕ್ಕಿ ಯಾರದು ಅಂತ. ನನ್ನದು. ನನಗೆ ನಿನ್ನೆಯಿಂದ ಕೆಮ್ಮಿದೆ, ಮೈ ಬಿಸಿಯಿದೆ. ನಾನು ಈ ಸಭೆಗೆ ಬರಬಾರದಿತ್ತು. ಮಾಸ್ಕ್ ನನಗಾಗಿ ಅಂದುಕೊಂಡಿದ್ದೆ, ಅದು ಕುರ್ಚಿಯಲ್ಲಿ ಕೂತವರಿಗಾಗಿಯೂ ಇದೆ. ಭಾಷಣದಲ್ಲಿ ನಾನು ಹೇಳಿದ ತಮಾಷೆಗಳನ್ನೆಲ್ಲ ಮರೆತುಬಿಡಿ. ಲಸಿಕೆ ತೆಗೆದುಕೊಳ್ಳಿ. ಈಗ ದಯವಿಟ್ಟು ಎಲ್ಲರೂ ಮಾಸ್ಕ್ ಹಾಕಿ, ಕಿಟಕಿ ತೆರೆಯಿರಿ."

ಎಲ್ಲರೂ ಜೇಬಿಗೆ ಕೈ ಹಾಕಿದರು. ಊರಿನ ಹಲ್ಲಿನ ಡಾಕ್ಟರುಗಳೆಲ್ಲ ಸೇರಿದ್ದ ಆ ಹಾಲಿನಲ್ಲಿ ಯಾರ ಬಳಿಯೂ ಒಂದು ಮಾಸ್ಕ್ ಸಿಗಲಿಲ್ಲ. ಭಾನುವಾರ ಪೇಶಂಟಿನ ಬಾಯಿಗೆ ರಜೆ, ಮಾಸ್ಕಿಗೂ ರಜೆ. ಕೊನೆಗೆ ಜಯರಾಮ ಶೆಟ್ಟರು ಅಡಿಗೆಮನೆಯಿಂದ ಒಂದು ದೊಡ್ಡ ಪೆಟ್ಟಿಗೆ ತರಿಸಿದರು. "ನಮ್ಮ ಅಡಿಗೆ ಭಟ್ರುಗಳು ಹಾಕುವಂಥದ್ದು. ಸಾಂಬಾರಿಗೆ ಎಂಜಲು ಸಿಡಿಯಬಾರದಲ್ಲ" ಎಂದು ಹಂಚಿದರು. ಡಾಕ್ಟರು ಅದನ್ನು ಕೇಳಿ ಮಾಸ್ಕಿನೊಳಗೇ ನಕ್ಕರು. ಎಂಜಲಿನ ವಿಚಾರದಲ್ಲಿ ಇಷ್ಟು ಕಟ್ಟುನಿಟ್ಟಾದ ಮನೆತನದಲ್ಲಿ ಹುಟ್ಟಿ, ಇಡೀ ದಿನ ನನ್ನ ಎಂಜಲನ್ನು ಊರಿಗೇ ಹಂಚುತ್ತಿದ್ದೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಪೂಜಿತಾ ಜ್ವರ ನೋಡಿದಳು. ಜ್ವರ ಚೆನ್ನಾಗಿಯೇ ಏರಿತ್ತು. ಶೆಟ್ಟರು ಮೇಲಿನ ಲಾಡ್ಜಿನಲ್ಲಿ ಒಂದು ಮೂಲೆಯ ರೂಮು ಕೊಡುತ್ತೇನೆ, ಗಂಜಿ ಬಾಗಿಲಿಗೇ ಬರುತ್ತದೆ ಎಂದರು. ಡಾಕ್ಟರು ಒಪ್ಪಿದರು, ಆದರೆ ಬುತ್ತಿ ಮುಟ್ಟಿಸಿ ಬರುತ್ತೇನೆ ಎಂದು ಹೊರಟರು.

ಮಗಳ ಮನೆ ಇದ್ದದ್ದು ಮೊದಲ ಮಹಡಿಯಲ್ಲಿ. ಕೆಳಗೆ ಬೇವಿನ ಮರದ ಹತ್ತಿರ ಕಾರು ನಿಲ್ಲಿಸಿ, ಡಬ್ಬಿ, ಸೀರೆಯ ಪೆಟ್ಟಿಗೆ, ಬಳೆಗಳ ಪೊಟ್ಟಣವನ್ನೆಲ್ಲ ಸ್ಪಿರಿಟ್ಟಿನಿಂದ ಒರೆಸಿ ಮೆಟ್ಟಿಲ ಮೇಲಿಟ್ಟು, ಮತ್ತೆ ಕಾರಿನಲ್ಲಿ ಕೂತು ಕಿಟಕಿ ಏರಿಸಿಕೊಂಡರು. ಅಳಿಯ ನಿತೀಶನಿಗೆ ಫೋನ್ ಮಾಡಿ ವಿಷಯ ತಿಳಿಸಿದರು. ಅವನು ಕೆಳಗೆ ಬಂದು ಸಾಮಾನು ತೆಗೆದುಕೊಂಡು ಹೋದ. ಆದರೆ ಕಾಶಿಬಾಯಿ ಬಿಡುವವಳಲ್ಲ. ಹಣೆತುಂಬ ವಿಭೂತಿ, ಹೊಸ ಇಳಕಲ್ ಸೀರೆ, ಮಹಡಿಯ ಗ್ಯಾಲರಿಗೆ ಬಂದು ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಏ ರವಿ, ತಳಗ ಯಾಕ ಕುಂತಿ? ಮುಹೂರ್ತ ಮೀರ್ಲಾಕತ್ತದ. ಬಾ ಮ್ಯಾಲ."

ಡಾಕ್ಟರು ಅವಳಿಗೆ ಫೋನ್ ಮಾಡಿ ಹೇಳಿದರು: "ಅವ್ವಾ, ನನಗ ಫ್ಲೂ ಆಗ್ಯಾದ. ಬರಂಗಿಲ್ಲ."

"ಯಾರ್ ಹೇಳ್ಯಾರ? ನಮ್ಮಂಥ ಮನಿಗಿ ಆ ಜಡ್ಡು ಬರಲ್ಲ ಅಂತ ನೀನೇ ಹೇಳಿದ್ದಿ ಅಲ್ಲ?"

"ನಾ ಹೇಳಿಲ್ಲ, ನೀ ಹೇಳಿದ್ದಿ."

"ನಾ ಹೇಳಿದ್ದು ಖರೆ. ನೀ ಡಾಕ್ಟರ್ ಆಗಿ ಹೂಂ ಅಂದಿ ಅಲ್ಲ. ಅದಕ್ಕ ನಾ ಮನಿಮನಿಗಿ ಹೇಳಕೋತ ಬಂದೀನಿ" ಎಂದಳು ಕಾಶಿಬಾಯಿ. ಮುದುಕಿಯದು ಬರೀ ಊಹೆಯಾಗಿತ್ತು, ಡಾಕ್ಟರ ಹೂಂಗುಟ್ಟುವಿಕೆಯಿಂದ ಅದು ಶಾಸ್ತ್ರವಾಗಿತ್ತು.

"ತಪ್ಪಾಗ್ಯಾದ ಅವ್ವಾ. ಫೋನ್ ಭಾಗ್ಯಾಗ ಕೊಡು. ನೀನೇ ಮೊದಲ ತುತ್ತು ಕೊಡು."

ಸ್ವಲ್ಪ ಹೊತ್ತಿಗೆ ಭಾಗ್ಯಶ್ರೀ ಗ್ಯಾಲರಿಗೆ ಬಂದಳು. ಹಸಿರು ಸೀರೆ, ಎರಡೂ ಕೈ ತುಂಬ ಹಸಿರು ಬಳೆ, ತಲೆತುಂಬ ಹೂವು. ಹೊಟ್ಟೆಯ ಮೇಲೆ ಒಂದು ಕೈ, ಕಿವಿಗೆ ಫೋನು. ಇಷ್ಟು ಹತ್ತಿರ ಬಂದು, ಕೈಯಾರೆ ಒಂದು ತುತ್ತು ಕೊಡಲಾಗದೆ ಕಾರಿನಲ್ಲಿ ಕೂತಿದ್ದೇನಲ್ಲ ಎಂದು ಡಾಕ್ಟರಿಗೆ ಸಂಕಟವಾಯಿತು.

"ಭಾಗ್ಯಾ, ನನ್ನ ಮಾತು ಪೂರಾ ಕೇಳು" ಎಂದರು. "ಆ ಇಂಜೆಕ್ಷನ್ ಬ್ಯಾಡ ಅಂತ ನಾ ಹೇಳಿದ್ದು ತಪ್ಪು. ಪೂರಾ ತಪ್ಪು. ಗೊತ್ತಿದ್ದೂ ಹೇಳೀನಿ. ನಾಳೆ ಮುಂಜಾನಿ ನಿಮ್ಮ ಮೇಡಂ ಹಂತೇಕ ಹೋಗು, ಏನೇನು ಕೊಡ್ತಾರ ತಗೋ. ನಿನಗೇನರ ಆದ್ರ ನಾ..." ಮುಂದೆ ಮಾತು ಬರಲಿಲ್ಲ. ಅವರ ಜೀವನದಲ್ಲಿ ಇದು ಅಪರೂಪ.

ಮೇಲೆ ಭಾಗ್ಯಾ ಫೋನನ್ನು ಬಾಯಿಗೆ ಹತ್ತಿರ ಹಿಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಪಪ್ಪಾ, ನಾ ತಗೊಂಡೀನಿ."

"ಏನು?"

"ಇಂಜೆಕ್ಷನ್. ನಿಮಗ ಫೋನ್ ಮಾಡಿದ ಮರುದಿನಾನೇ. ಜ್ವರ ಬಂದಿಲ್ಲ, ಕಾಹೀ ನಾಹೀ, ಏನೂ ಆಗಿಲ್ಲ. ತೋಳು ಒಂದಿನ ನೋಯ್ತು, ಅಷ್ಟೇ."

ಡಾಕ್ಟರು ಸ್ಟಿಯರಿಂಗಿನ ಮೇಲೆ ತಲೆಯಿಟ್ಟರು. ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ನಗು ಬಂತು. ಮಗಳು ತನ್ನ ಮಾತು ಕೇಳಲಿಲ್ಲ ಎಂದು ಇಷ್ಟು ಸಂತೋಷಪಟ್ಟ ತಂದೆ ನಾಶಿಕದಲ್ಲಿ ಅಂದು ಇನ್ನೊಬ್ಬನಿರಲಿಲ್ಲ. ಕೆಮ್ಮು ಬಂತು, ಮಾಸ್ಕಿನೊಳಗೇ ಕೆಮ್ಮಿದರು.

"ಮತ್ತ ನನಗ್ಯಾಕ ಹೇಳಿಲ್ಲ?"

"ಹ್ಯಾಂಗ ಹೇಳ್ಲಿ ಪಪ್ಪಾ? ನಿಮ್ಮ ಮುಂದ ನಾ ಸುದ್ದಾ ನಿಮ್ಮ ಕುರ್ಚಿಯೊಳಗ ಕೂತ ಪೇಶಂಟೇ. ನೀವು ಪ್ರಶ್ನಿ ಕೇಳ್ತೀರಿ, ಉತ್ತರ ಸುದ್ದಾ ನೀವೇ ಹೇಳ್ತೀರಿ. ನಾ ಬಾಯಿ ತೆರೆದು ಕೂಡಬೇಕು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಮಾತು ನೆಟ್ಟಗೆ ಹೋಗಿ ನಾಟಿತು.

ಗ್ಯಾಲರಿಗೆ ಕಾಶಿಬಾಯಿ ತಟ್ಟೆ ತಂದಳು. ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ, ಕೆಳಗಿನ ಕಾರಿನ ಕಡೆ ಒಮ್ಮೆ ನೋಡಿ, ಮೊಮ್ಮಗಳ ಬಾಯಿಗಿಟ್ಟಳು. ಒಳಗೆ ಹೆಂಗಸರು ಹಾಡು ಹಿಡಿದರು. ಡಾಕ್ಟರು ಕಿಟಕಿಯ ಗಾಜಿನಿಂದ ನೋಡಿದರು. ಮಗಳು ಅಗಿದು ನುಂಗುವ ತನಕ ಕಾದರು. ಹೇಳಬೇಕಾದ ಕಥೆಗಳು ನಾಲಿಗೆಯ ತುದಿಗೆ ಬಂದವು, ಅವನ್ನು ತಡೆದರು.

"ಭಾಗ್ಯಾ," ಎಂದರು, "ಮತ್ತ ಏನೇನ್ ಹೇಳಿಲ್ಲ ನೀ ನನಗ?"

ಭಾಗ್ಯಾ ನಕ್ಕಳು. "ಭಾಳ ಅದಾವ ಪಪ್ಪಾ. ನಿಮಗ ಟೈಮ್ ಅದ ಏನು?"

"ಈ ವಾರ ಪೂರಾ ರೂಮಿನ್ಯಾಗ ಬಿದ್ದಿರಾಂವ ನಾ. ಹೇಳು."

ಭಾಗ್ಯಾ ಗ್ಯಾಲರಿಗೆ ಕುರ್ಚಿ ಎಳೆದುಕೊಂಡು, ಬಳೆ ಸರಿಸಿ, ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ ಕೂತಳು. ಎಲ್ಲಿಂದ ಶುರು ಮಾಡಲಿ ಎಂದು ಒಂದು ಕ್ಷಣ ಯೋಚಿಸಿ, ತನ್ನ ತಾಯಿ ತೀರಿಕೊಂಡ ವರ್ಷದಿಂದ ಹೇಳತೊಡಗಿದಳು.